ಗಾಳಿಮಳೆ ಬಂದರೆ ಟ್ರಯಥ್ಲಾನ್‌ನಲ್ಲಿ ಈಜಿಗೇ ಏಕೆ ಕತ್ತರಿ?

ಪ್ರಶ್ನೆ: ಆರು ತಿಂಗಳು ಈಜು ಅಭ್ಯಾಸ ಮಾಡಿ, ಈಜು, ಸೈಕಲ್, ಓಟ ಮೂರೂ ಒಂದರ ಹಿಂದೊಂದು ಬರುವ ಟ್ರಯಥ್ಲಾನ್‌ಗೆ ಹೋಗಿದ್ದೆ. ಗಾಳಿ ಜೋರಾಗಿದೆಯೆಂದು ಬೆಳಿಗ್ಗೆ ಈಜನ್ನು ರದ್ದುಪಡಿಸಿ ಓಟ, ಸೈಕಲ್, ಮತ್ತೆ ಓಟ ಎಂದು ಬದಲಾಯಿಸಿದರು. ಒದ್ದೆ ರಸ್ತೆಯಲ್ಲಿ ಸೈಕಲ್ ಹೊಡೆಯುವುದೂ ಅಪಾಯವಲ್ಲವೆ? ಈಜನ್ನೇ ಏಕೆ ಕೈಬಿಡುತ್ತಾರೆ?

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದೇ. ಆದರೂ ಆಯೋಜಕರು ಮಾಡಿದ್ದು ಸರಿ ಎನ್ನುತ್ತೇನೆ. ಸೈಕಲ್ ಮೇಲೆ ಭಯವಾದರೆ ವೇಗ ತಗ್ಗಿಸಬಹುದು, ಇಳಿದು ನಿಲ್ಲಬಹುದು. ಓಟದಲ್ಲಿ ಸುಸ್ತಾದರೆ ನಡೆಯಬಹುದು. ನಡುನೀರಿನಲ್ಲಿ ಕಾಲೂರಲು ನೆಲವಿಲ್ಲ.

ಈಜುವವರ ಕಣ್ಣು ನೀರಿನ ಮಟ್ಟದಿಂದ ಗೇಣುದ್ದ ಮೇಲೂ ಇರುವುದಿಲ್ಲ. ಏಳೆಂಟು ಬಾರಿ ಕೈ ಬೀಸಿದ ಮೇಲೆ ತಲೆಯೆತ್ತಿ, ದಾರಿ ತೋರುವ ಕಿತ್ತಳೆ ಬಣ್ಣದ ತೇಲುಗುರುತನ್ನು ಹುಡುಕಬೇಕು. ಮೊಣಕಾಲೆತ್ತರದ ಅಲೆಯೆದ್ದರೂ ಸಾಕು, ಎದುರಿಗೆ ಕಾಣುವುದು ನೀರೊಂದೇ. ಉಸಿರಿಗೆಂದು ತೆರೆದ ಬಾಯಿಗೂ ಅದೇ ನುಗ್ಗುತ್ತದೆ. ಕಯಾಕ್ ಎಂಬ ಪುಟ್ಟ ದೋಣಿಯಲ್ಲಿ ಕುಳಿತ ಜೀವರಕ್ಷಕರ ಪಾಡು ಇನ್ನೂ ಕಷ್ಟ. ನೂರಾರು ಬಣ್ಣದ ಟೋಪಿಗಳ ನಡುವೆ ಮೇಲೇಳದ ಒಂದೇ ಒಂದು ಟೋಪಿಯನ್ನು ಅವರು ಗುರುತಿಸಬೇಕು. ಮುಳುಗುತ್ತಿರುವವರು ಹೆಚ್ಚಾಗಿ ಕೂಗುವುದೂ ಇಲ್ಲ, ಸದ್ದಿಲ್ಲದೆ ಒಳಗಿಳಿಯುತ್ತಾರೆ. ಮಂಜು ಕವಿದಾಗ ಗಾಳಿಯಿಲ್ಲದಿದ್ದರೂ ಈಜು ತಡವಾಗುವುದು ಇದೇ ಕಾರಣಕ್ಕೆ.

ಒಲಿಂಪಿಕ್ ದೂರದ ಸ್ಪರ್ಧೆಯಲ್ಲಿ 40 ಕಿ.ಮೀ. ಸೈಕಲ್, 10 ಕಿ.ಮೀ. ಓಟದ ಮುಂದೆ ಈಜು ಬರೀ 1.5 ಕಿ.ಮೀ. ಆದರೆ ಅಮೆರಿಕದ ಟ್ರಯಥ್ಲಾನ್‌ಗಳಲ್ಲಿ 1985ರಿಂದ 2016ರವರೆಗೆ ಆದ ಸಾವು ಮತ್ತು ಹೃದಯಸ್ತಂಭನದ 135 ಪ್ರಕರಣಗಳನ್ನು ವೈದ್ಯರು ಪರಿಶೀಲಿಸಿದಾಗ, 90 ಪ್ರಕರಣಗಳು ಈಜಿನ ಹಂತದವೇ ಆಗಿದ್ದವು. ಅವು ಕೆಟ್ಟ ಹವೆಯಿಂದಾದವು ಎಂದಲ್ಲ. ನೆಮ್ಮದಿಯ ದಿನದಲ್ಲೂ ಇಷ್ಟು ಹುಷಾರು ಬೇಡುವ ಹಂತಕ್ಕೆ ಅಲೆಯನ್ನೂ ಸೇರಿಸಬಾರದು ಎಂಬುದಷ್ಟೇ ನನ್ನ ಮಾತು.

ಮಳೆ ನಿಂತ ಮೇಲೂ ನೀರು ಶುದ್ಧವಾಗಿರುತ್ತದೆ ಎನ್ನಲಾಗದು. ಚರಂಡಿ ತುಂಬಿ ಕೊಳಚೆ ನದಿಗೆ ಸೇರಿದರೆ ಇ. ಕೋಲಿ ಬ್ಯಾಕ್ಟೀರಿಯಾ ಏರುತ್ತದೆ, ಇಳಿಯಲು ದಿನಗಳೇ ಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಉದ್ಘಾಟನೆಯ ದಿನ ಸುರಿದ ಮಳೆಯಿಂದ ಸೆನ್ ನದಿ ಕೆಟ್ಟಿತ್ತು. ಜುಲೈ 30ರಂದು ಸುಡುಬಿಸಿಲಿದ್ದರೂ ಪುರುಷರ ಸ್ಪರ್ಧೆಯನ್ನು ಮರುದಿನಕ್ಕೆ ಮುಂದೂಡಿದರು.

ಸಿಡಿಲಿನ ಲೆಕ್ಕವೇ ಬೇರೆ. ಅದು ಬಂದರೆ ಮೂರೂ ಹಂತಗಳು ನಿಲ್ಲಬೇಕು. ಕಡೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಯಾರೂ ಹೊರಗೆ ಬರಬಾರದು ಎಂಬುದು ಸಾಮಾನ್ಯ ಸೂತ್ರ.

ಸೈಕಲ್ಲಿನ ಬಗ್ಗೆ ನೀವು ಕೇಳಿದ್ದು ಸರಿ. ಅದೇ ಪ್ಯಾರಿಸ್‌ನಲ್ಲಿ 31ರ ಬೆಳಿಗ್ಗೆ ಮಹಿಳೆಯರ ಸ್ಪರ್ಧೆಗೆ ರಸ್ತೆ ಒದ್ದೆಯಾಗಿತ್ತು, ಹಲವರು ಜಾರಿ ಬಿದ್ದರು. ತಿರುವಿನಲ್ಲಿ ರಸ್ತೆಯ ಬಿಳಿ ಪಟ್ಟೆ, ಕಬ್ಬಿಣದ ಮುಚ್ಚಳ ಸಿಕ್ಕರೆ ಸೈಕಲ್ಲನ್ನು ವಾಲಿಸಬೇಡಿ. ನೆಟ್ಟಗೆ ದಾಟಿ ಆಮೇಲೆ ತಿರುಗಿಸಿ. ಟೈರಿನ ಗಾಳಿಯನ್ನು ತುಸು ಇಳಿಸಿ, ಬ್ರೇಕ್ ಬೇಗನೆ ಹಿಡಿಯಿರಿ. ಈಜು ಉಳಿದು ಚಳಿಗಾಳಿಯೂ ಇದ್ದರೆ ತೆಳ್ಳನೆಯ ಅಂಗಿಯೊಂದನ್ನು ಸೈಕಲ್ ಪಕ್ಕ ಇಟ್ಟುಕೊಳ್ಳಿ. ಒದ್ದೆ ಮೈಯಲ್ಲಿ ಹೊರಟರೆ ಹತ್ತು ನಿಮಿಷದಲ್ಲೇ ಬೆರಳು ಮರಗಟ್ಟಿ ಬ್ರೇಕ್ ಅದುಮಲಾಗದಂತಾಗಬಹುದು. ಮುಂದಿನ ಬಾರಿಯೂ ಈಜಿನ ಜಾಗಕ್ಕೆ ಓಟ ಬಂದರೆ, ಆ ಮೊದಲ ಓಟವನ್ನು ನಿಮ್ಮ ಮಾಮೂಲಿ ವೇಗಕ್ಕಿಂತ ನಿಧಾನವಾಗಿಯೇ ಓಡಿ. ಕೋಪದಲ್ಲಿ ನುಗ್ಗಿದವರ ತೊಡೆಗಳು ಸೈಕಲ್ಲಿನ ಮೊದಲ ಏರಿನಲ್ಲೇ ಸೋಲುತ್ತವೆ.