ತಿಪ್ಪಗೊಂಡನಹಳ್ಳಿಯ ನೀರು ಎಲ್ಲಿ ನಿಂತಿತು?

ಬೆಂಗಳೂರಿನ ಪಕ್ಕದ ಅರ್ಕಾವತಿ ನದಿ ಪಕ್ಕ ಎಷ್ಟು ಮೀಟರ್ ಬಿಡಬೇಕು, ಎಲ್ಲಿ ಕಟ್ಟಬಹುದು, ಎಲ್ಲಿ ಕಟ್ಟಬಾರದು ಅನ್ನುವ ಜಗಳ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿರಬಹುದು. ಸ್ವಲ್ಪ ಹಿಂದಿನಿಂದ ನೋಡೋಣ.

ಅರ್ಕಾವತಿ ಹುಟ್ಟುವುದು ನಂದಿಬೆಟ್ಟದಲ್ಲಿ. ಕುಮುದ್ವತಿ ಬರುವುದು ಶಿವಗಂಗೆ ಕಡೆಯಿಂದ. 1890ರ ದಶಕದಲ್ಲಿ ಬೆಂಗಳೂರಿಗೆ ಅರ್ಕಾವತಿಯ ಹೆಸರಘಟ್ಟ ಕೆರೆಯ ನೀರು ಬಂತು, 1933ರಲ್ಲಿ ಎರಡೂ ನದಿ ಸೇರುವಲ್ಲಿ ತಿಪ್ಪಗೊಂಡನಹಳ್ಳಿ ಅಣೆಕಟ್ಟು ಎದ್ದಿತು, 1974ರಲ್ಲಿ ಕಾವೇರಿ ನೀರು ಬಂದ ಮೇಲೆ ನಗರ ಕಾವೇರಿ ಕಡೆ ಮುಖ ತಿರುಗಿಸಿತು. ಇತ್ತ ತಿಪ್ಪಗೊಂಡನಹಳ್ಳಿಗೆ ಬರುವ ನೀರು ಕಮ್ಮಿಯಾಗುತ್ತಾ ಹೋಯಿತು.

ಮಳೆ ಕಮ್ಮಿಯಾಗಿ ನದಿ ಬತ್ತಿತು ಅನ್ನುವವರು ಜಾಸ್ತಿ. ಈ ನದಿಯನ್ನು ಅಧ್ಯಯನ ಮಾಡಿದವರು ಮಾತ್ರ ಬೆರಳು ತೋರಿಸಿದ್ದು ನೆಲದ ಕಡೆಗೆ. ಮಳೆ ನಿಂತ ಮೇಲೂ ಹಳ್ಳ ಹರಿಯುವುದು ಭೂಮಿಯೊಳಗಿನ ನೀರು ಒಸರುವುದರಿಂದ. ಇಲ್ಲಿ ಮೊದಲು ತೆರೆದ ಬಾವಿಗಳು ಒಣಗಿದವು. ಆಮೇಲೆ ಬೋರ್‌ವೆಲ್ ಬಂತು, ಪ್ರತಿ ಸಲ ಇನ್ನಷ್ಟು ಆಳಕ್ಕೆ ಇಳಿಯಿತು. ಅಂತರ್ಜಲ ಹಳ್ಳದ ತಳಕ್ಕಿಂತ ಕೆಳಗೆ ಜಾರಿತು. ಈಗ ಹಳ್ಳವೇ ನೆಲಕ್ಕೆ ನೀರು ಕೊಡಬೇಕು! ರಾಗಿ ಹೊಲಕ್ಕೆ ಆಳು ಸಿಗದ ಕಡೆ ನೀಲಗಿರಿ ಬಂತು. ನೆಟ್ಟು ಬಿಟ್ಟರೆ ಆಯ್ತು, ಕೆಲವು ವರ್ಷಕ್ಕೆ ದುಡ್ಡು. ರೈತರ ಲೆಕ್ಕ ತಪ್ಪೇನಲ್ಲ, ಆದರೆ ಅದರ ಬೇರು ಮಣ್ಣಿನ ತೇವವನ್ನು ಆಳದವರೆಗೆ ಹೀರುತ್ತದೆ. 2017ರಲ್ಲಿ ಹೊಸದಾಗಿ ನೆಡುವುದಕ್ಕೆ ಸರ್ಕಾರ ತಡೆ ಹಾಕಿತು. ಒಳ್ಳೆಯ ಉದ್ದೇಶದಿಂದ ಕಟ್ಟಿದ ಚೆಕ್‌ಡ್ಯಾಮ್, ಬದುಗಳೂ ಹರಿವನ್ನು ಮೇಲೇ ಹಿಡಿದಿಟ್ಟವು.

ಇದೆಲ್ಲಾ ನಡೆಯುತ್ತಿರುವಾಗಲೇ, 2003ರ ನವೆಂಬರಿನಲ್ಲಿ ತಿಪ್ಪಗೊಂಡನಹಳ್ಳಿಯ ಜಲಾನಯನ, ಅಂದರೆ ಜಲಾಶಯಕ್ಕೆ ನೀರು ಹರಿದು ಬರುವ ಪ್ರದೇಶ, ಉಳಿಸುವ ಸರ್ಕಾರಿ ಅಧಿಸೂಚನೆ ಬಂತು. ಜಲಾಶಯದ ಸುತ್ತ 2 ಕಿಲೋಮೀಟರ್, ನದಿ ದಡದಿಂದ 1 ಕಿಲೋಮೀಟರ್ ಒಳಗೆ ಕಟ್ಟಡ, ಕಾರ್ಖಾನೆಗಳಿಗೆ ಕಡಿವಾಣ. ಕೊಳಕು ನೀರು ತಡೆಯಲು ಅದು ಬೇಕಾಗಿತ್ತು, ಅನುಮಾನವಿಲ್ಲ. ಆದರೆ ದಡದಿಂದ ನಾಲ್ಕು ಕಿಲೋಮೀಟರ್ ಆಚೆಯ ಬೋರ್‌ವೆಲ್ ಅದಕ್ಕೆ ಸಿಗಲಿಲ್ಲ. ಜಮೀನಿನ ಬೆಲೆ ಏರಿದಂತೆ ದಡದಿಂದ ಬಿಡಬೇಕಾದ ಅಂತರ ತೀರಾ ಹೆಚ್ಚಾಯಿತು ಅನ್ನುವ ಕೂಗು ಎದ್ದು, 2019ರಲ್ಲಿ ನಿಯಮ ಸಡಿಲವಾಯಿತು.

ಅಂದಿನಿಂದ ಮಾತೆಲ್ಲಾ ಮೀಟರ್ ಲೆಕ್ಕದಲ್ಲೇ. ಲೇಔಟಿಗೆ ಒಪ್ಪಿಗೆ ಕೊಡುವುದು ಒಂದು ಕಚೇರಿ, ಬೋರ್‌ವೆಲ್ಲಿಗೆ ಇನ್ನೊಂದು, ಚೆಕ್‌ಡ್ಯಾಮ್ ಕಟ್ಟುವುದು ಮತ್ತೊಂದು. ಹಳ್ಳದಲ್ಲಿ ಈ ವರ್ಷ ಎಷ್ಟು ನೀರು ಹರಿಯಬೇಕು ಅಂತ ಬರೆದಿಟ್ಟ ಕಡತ ಇವುಗಳಲ್ಲಿ ಯಾರ ಮೇಜಿನ ಮೇಲಿರಬೇಕು? 2022ರ ಜೋರು ಮಳೆಗೆ ಹೆಸರಘಟ್ಟ ಎಷ್ಟೋ ವರ್ಷದ ನಂತರ ತುಂಬಿತು. ಜನ ಸಂಸಾರ ಸಮೇತ ನೋಡಲು ಹೋದರು. ಮೇಲಿನ ಊರುಗಳ ಬೋರ್‌ವೆಲ್ ಮೋಟರುಗಳು ಆಗಲೂ ಓಡುತ್ತಲೇ ಇದ್ದವು.