ಇನ್‌ಕ್ವೈರಿ: ಜಿಮ್ನಾಸ್ಟಿಕ್ಸ್‌ನಲ್ಲಿ ಅಂಕವನ್ನು ಪ್ರಶ್ನಿಸುವ ದಾರಿ

ಜಿಮ್ನಾಸ್ಟಿಕ್ಸ್‌ನಲ್ಲಿ ತೀರ್ಪುಗಾರರು ಕೊಟ್ಟ ಅಂಕ ಸರಿಯಿಲ್ಲ ಅನ್ನಿಸಿದರೆ ಕೋಚ್ ಅಲ್ಲೇ ನಿಂತು ಮರುಪರಿಶೀಲನೆ ಕೇಳಬಹುದು. ಇದೇ ಇನ್‌ಕ್ವೈರಿ. ಮೊದಲು ಬಾಯಲ್ಲಿ ಹೇಳಬೇಕು, ಆಮೇಲೆ ಬರೆದು ಕೊಡಬೇಕು. ಶುಲ್ಕವೂ ಇದೆ. ಮೊದಲ ಸಲ 300 ಡಾಲರ್, ಮತ್ತೆ ಕೇಳಿದರೆ ಇನ್ನೂ ಜಾಸ್ತಿ. ಕೋಚ್ ಹೇಳಿದ್ದೇ ಸರಿ ಎಂದಾದರೆ ಹಣ ವಾಪಸ್.

ಹಾಗಂತ ಎಲ್ಲ ಅಂಕವನ್ನೂ ಪ್ರಶ್ನಿಸಲು ಆಗುವುದಿಲ್ಲ. 2006ರಲ್ಲಿ, ಗರಿಷ್ಠ 10 ಅಂಕ ಕೊಡುತ್ತಿದ್ದ ಹಳೆಯ 'ಪರ್ಫೆಕ್ಟ್ 10' ಪದ್ಧತಿ ಹೋಗಿ ಎರಡು ಭಾಗದ ಅಂಕ ಬಂತು. ಮಾಡಿದ ಕಸರತ್ತು ಎಷ್ಟು ಕಷ್ಟದ್ದು ಎಂದು ಹೇಳುವುದು ಡಿ ಸ್ಕೋರ್. ಅದಕ್ಕೆ ಮೇಲ್ಮಿತಿ ಇಲ್ಲ. ಎಷ್ಟು ಚೊಕ್ಕವಾಗಿ ಮಾಡಿದರು ಎಂದು ಹೇಳುವುದು ಇ ಸ್ಕೋರ್. ಅದು 10ರಿಂದ ಶುರುವಾಗಿ, ಪ್ರತಿ ತಪ್ಪಿಗೂ ಇಳಿಯುತ್ತದೆ. ಇನ್‌ಕ್ವೈರಿ ಇರುವುದು ಮುಖ್ಯವಾಗಿ ಡಿ ಸ್ಕೋರಿಗೆ. ಇ ಸ್ಕೋರನ್ನು ಪ್ರಶ್ನಿಸುವಂತಿಲ್ಲ. ಇದು ನನಗೆ ಸರಿಯಾಗಿಯೇ ಕಾಣುತ್ತದೆ. ಗಾಳಿಯಲ್ಲಿ ಪೂರ್ತಿ ಒಂದು ಸುತ್ತು ತಿರುಗಿದರಾ ಇಲ್ಲವಾ ಎಂಬುದನ್ನು ವಿಡಿಯೊ ನೋಡಿ ಹೇಳಬಹುದು. ಕಾಲು ಎಷ್ಟು ಅಂದವಾಗಿ ಚಾಚಿತ್ತು ಎಂಬ ಚರ್ಚೆಗೆ ಕೂತರೆ ಸ್ಪರ್ಧೆ ಮುಗಿಯುವುದೇ ಇಲ್ಲ.

ಇದರಿಂದ ಪದಕವೇ ಬದಲಾಗಬಹುದು. 2012ರ ಲಂಡನ್ ಒಲಿಂಪಿಕ್ಸ್‌ನ ಪುರುಷರ ತಂಡ ಫೈನಲ್‌ನಲ್ಲಿ ಜಪಾನ್ ನಾಲ್ಕನೇ ಸ್ಥಾನದಲ್ಲಿತ್ತು. ಪಾಮೆಲ್ ಹಾರ್ಸ್‌ನಿಂದ (ಎರಡು ಹಿಡಿ ಇರುವ ಕಸರತ್ತಿನ ಸಾಧನ) ತಮ್ಮ ತಂಡದ ಕೊಹೆಯ್ ಉಚಿಮುರಾ ಇಳಿದ ರೀತಿಗೆ ಪೂರ್ತಿ ಲೆಕ್ಕ ಸಿಕ್ಕಿಲ್ಲ ಎಂದು ಇನ್‌ಕ್ವೈರಿ ಹಾಕಿ ಗೆದ್ದಿತು, ಬೆಳ್ಳಿ ಪಡೆಯಿತು. ಬ್ರಿಟನ್ ಕಂಚಿಗೆ ಇಳಿಯಿತು. ಉಕ್ರೇನ್‌ಗೆ ಏನೂ ಸಿಗಲಿಲ್ಲ.

ಈಗಿನ ಜಗಳ 2024ರ ಪ್ಯಾರಿಸ್‌ನದು. ಆಗಸ್ಟ್ 5, ಮಹಿಳೆಯರ ಫ್ಲೋರ್ (ನೆಲದ ಮೇಲಿನ ಕಸರತ್ತು) ಫೈನಲ್. ಅಮೆರಿಕದ ಜೋರ್ಡನ್ ಚೈಲ್ಸ್ ಅವರದು ಕೊನೆಯ ಪ್ರದರ್ಶನ. ಅಂಕ 13.666, ಐದನೇ ಸ್ಥಾನ. ಅವರ ಒಂದು ಜಿಗಿತಕ್ಕೆ ಪೂರ್ತಿ ಬೆಲೆ ಕೊಟ್ಟಿಲ್ಲ ಎಂದು ಕೋಚ್ ಇನ್‌ಕ್ವೈರಿ ಕೇಳಿದರು. ತೀರ್ಪುಗಾರರು ಒಪ್ಪಿದರು. 0.1 ಸೇರಿ 13.766 ಆಯಿತು, ಕಂಚು ಚೈಲ್ಸ್‌ಗೆ ಬಂತು. ಅಷ್ಟರಲ್ಲಿ ರೊಮೇನಿಯಾದ ಆನಾ ಬಾರ್ಬೊಸು ತಮ್ಮ ದೇಶದ ಬಾವುಟ ಹಿಡಿದು ಸಂಭ್ರಮಿಸುತ್ತಿದ್ದರು. ಅವರ ಅಂಕ 13.700.

ನಿಯಮದ ಪ್ರಕಾರ, ಮುಂದಿನ ಸ್ಪರ್ಧಿಯ ಅಂಕ ಪರದೆ ಮೇಲೆ ಬರುವುದರೊಳಗೆ ಇನ್‌ಕ್ವೈರಿ ಹೇಳಬೇಕು. ಕೊನೆಯ ಸ್ಪರ್ಧಿಗೆ ಮುಂದೆ ಯಾರೂ ಇಲ್ಲವಲ್ಲ, ಅವರಿಗೆ ಒಂದೇ ನಿಮಿಷ. ರೊಮೇನಿಯಾ ಕ್ರೀಡಾ ನ್ಯಾಯಮಂಡಳಿಗೆ ಹೋಯಿತು. ಇನ್‌ಕ್ವೈರಿ ಬಂದಿದ್ದು 1 ನಿಮಿಷ 4 ಸೆಕೆಂಡಿಗೆ, ಅಂದರೆ 4 ಸೆಕೆಂಡ್ ತಡ ಎಂದು ಮಂಡಳಿ ತೀರ್ಪು ಕೊಟ್ಟಿತು. ಚೈಲ್ಸ್ ಅಂಕ ಮತ್ತೆ 13.666ಕ್ಕೆ ಇಳಿಯಿತು, ಕಂಚು ಬಾರ್ಬೊಸು ಅವರದಾಯಿತು. ಆಮೇಲೆ ಅಮೆರಿಕದವರು ಒಂದು ವಿಡಿಯೊ ತೋರಿಸಿ, ಕೋಚ್ 47ನೇ ಸೆಕೆಂಡಿನಲ್ಲೇ ಕೇಳಿದ್ದರು ಎಂದರು. ಪ್ರಕರಣ ಮತ್ತೆ ತೆರೆಯಲು ಮಂಡಳಿ ಒಪ್ಪಲಿಲ್ಲ. ಚೈಲ್ಸ್ 2024ರ ಸೆಪ್ಟೆಂಬರ್‌ನಲ್ಲಿ ಸ್ವಿಟ್ಜರ್ಲೆಂಡ್‌ನ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು.

ನನ್ನ ಸಿಟ್ಟು ಇರುವುದು ಗಡಿಯಾರದ ವಿಷಯಕ್ಕೆ. ಒಂದು ನಿಮಿಷದ ಮಿತಿ ಇಟ್ಟ ಅಂತರರಾಷ್ಟ್ರೀಯ ಫೆಡರೇಶನ್, ಆ ಮಿತಿಯೊಳಗೆ ಕೇಳಿದರಾ ಎಂದು ಅಲ್ಲೇ ನೋಡುವ ವ್ಯವಸ್ಥೆ ಮಾಡಿರಲಿಲ್ಲ. ಕ್ರಿಕೆಟ್‌ನ ಡಿಆರ್‌ಎಸ್‌ನಲ್ಲಿ 15 ಸೆಕೆಂಡ್ ಓಡುವುದು ಎಲ್ಲರಿಗೂ ಪರದೆ ಮೇಲೆ ಕಾಣುತ್ತದೆ ಅಲ್ವಾ? ಇಲ್ಲಿಯೂ ಹಾಗೇ ಇದ್ದಿದ್ದರೆ ತಡವಾದ ಕೋರಿಕೆಯನ್ನು ಆಗಲೇ ತಿರಸ್ಕರಿಸಬಹುದಿತ್ತು. ಕೊರಳಿಗೆ ಹಾಕಿದ ಪದಕವನ್ನು ವಾಪಸ್ ಕೇಳುವ ಪ್ರಸಂಗ ಬರುತ್ತಿರಲಿಲ್ಲ. ಚೈಲ್ಸ್ ಆಗಲಿ ಬಾರ್ಬೊಸು ಆಗಲಿ ಇದರಲ್ಲಿ ಮಾಡಿದ ತಪ್ಪು ಒಂದೂ ಇಲ್ಲ.

ಈ ಗಲಾಟೆಯಲ್ಲಿ ಬಹಳ ಜನ ಮರೆತ ಹೆಸರು ಸಬ್ರಿನಾ ಮನೇಕಾ-ವೊಯ್ನಿಯಾ. ಅವರೂ ರೊಮೇನಿಯಾದವರೇ, ಅವರ ಅಂಕವೂ 13.700. ಇ ಸ್ಕೋರ್ ಕಡಿಮೆ ಇದ್ದಿದ್ದರಿಂದ ಬಾರ್ಬೊಸು ಅವರಿಗಿಂತ ಕೆಳಗೆ ಉಳಿದರು. ಫ್ಲೋರ್‌ನ ಅಂಚಿನ ಗೆರೆ ದಾಟಿದ್ದಕ್ಕೆ ಅವರಿಗೆ 0.1 ಕಳೆದಿದ್ದರು. ದಾಟಿಲ್ಲ ಎಂಬುದು ಅವರ ತಂಡದ ವಾದ. ಆದರೆ ಅವರ ಕೋಚ್ ಅಂದು ಇನ್‌ಕ್ವೈರಿ ಹಾಕಿದ್ದು ಡಿ ಸ್ಕೋರಿಗೆ, ಗೆರೆಯ ವಿಷಯಕ್ಕಲ್ಲ. ಅದು ತಿರಸ್ಕಾರವಾಯಿತು. ನ್ಯಾಯಮಂಡಳಿಯೂ ಗೆರೆಯ ತಕರಾರನ್ನು ಒಪ್ಪಲಿಲ್ಲ. ಆ 0.1 ಕಳೆಯದಿದ್ದರೆ ಅವರ ಅಂಕ 13.800 ಆಗುತ್ತಿತ್ತು, ಚೈಲ್ಸ್‌ಗೆ ಹೆಚ್ಚಿಸಿ ಕೊಟ್ಟಿದ್ದಕ್ಕಿಂತಲೂ ಮೇಲೆ.