ಕುಡಿತ ಬಿಟ್ಟ ಮೇಲೆ ನಿದ್ದೆ ಯಾಕೆ ಬರುವುದಿಲ್ಲ?

ಕುಡಿಯೋದು ಬಿಟ್ಟು ಎರಡು ವಾರ ಆಗಿರುತ್ತದೆ. ಕೈ ನಡುಕ ನಿಂತಿರುತ್ತದೆ. ಊಟ ಸೇರತೊಡಗಿರುತ್ತದೆ. ಮನೆಯವರ ಮುಖದಲ್ಲಿ ಸ್ವಲ್ಪ ಗೆಲುವು ಕಾಣುತ್ತಿರುತ್ತದೆ. ಆದರೆ ರಾತ್ರಿಯಾದರೆ ಕಣ್ಣಿಗೆ ನಿದ್ದೆ ಹತ್ತುವುದಿಲ್ಲ. "ಬಿಟ್ಟಿದ್ದೇನೋ ಬಿಟ್ಟೆ, ನಿದ್ದೆ ಬರೂದಿಲ್ಲ ಮಾರಾಯ್ರೆ" ಎನ್ನುವ ಮಾತು ಕಾರವಾರದ ಬಂದರಿನಲ್ಲೂ ಕೇಳುತ್ತದೆ, ಶಿರಸಿಯ ತೋಟದ ಮನೆಗಳಲ್ಲೂ ಕೇಳುತ್ತದೆ. ಅದರ ಬೆನ್ನಿಗೇ ಇನ್ನೊಂದು ಮಾತು: "ಒಂದು ಕ್ವಾರ್ಟರ್ ಹಾಕಿದ್ರೆ ಬೆಳಗಿನವರೆಗೆ ಮಲಗ್ತಿದ್ದೆ."

ಈ ಎರಡನೇ ಮಾತು ಕೇಳಿದರೆ ನನಗೆ ಹೆದರಿಕೆ ಆಗುತ್ತದೆ. ನಿದ್ದೆ ಬಾರದ ರಾತ್ರಿಗಳು ಎಷ್ಟೋ ಜನರನ್ನು ಮತ್ತೆ ಬಾಟಲಿಯ ಹತ್ತಿರ ಎಳೆದುಕೊಂಡು ಹೋಗಿವೆ. ಕಾರವಾರದವರಿಗಂತೂ ಮಾಜಾಳಿ ದಾಟಿದರೆ ಗೋವಾ, ಅಲ್ಲಿ ದರವೂ ಕಡಿಮೆ. ಹಾಗಾಗಿ ಆ ಮಾತು ಎಷ್ಟು ನಿಜ ಅಂತ ಮೊದಲು ನೋಡೋಣ.

ನಮ್ಮಲ್ಲಿ ಸಿಗುವ ವಿಸ್ಕಿ, ರಮ್, ಬ್ರಾಂದಿಯಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಆಲ್ಕೋಹಾಲ್ ಇರುತ್ತದೆ. ಕ್ವಾರ್ಟರ್ ಅಂದರೆ 180 ಮಿಲಿ. ಅದರಲ್ಲಿರುವ ಆಲ್ಕೋಹಾಲ್ ಸುಮಾರು 60 ಗ್ರಾಂ. ನಮ್ಮ ಲಿವರ್ ಗಂಟೆಗೆ ಹೆಚ್ಚುಕಡಿಮೆ 7ರಿಂದ 10 ಗ್ರಾಂ ಕರಗಿಸುತ್ತದೆ. ರಾತ್ರಿ 8 ಗಂಟೆಗೆ ಕುಡಿದರೆ 2ರಿಂದ 4ರ ಹೊತ್ತಿಗೆ ಅದು ಮುಗಿಯುತ್ತಾ ಬರುತ್ತದೆ. ಕುಡಿಯುವವರಿಗೆ ನಡುರಾತ್ರಿ ದಿಢೀರ್ ಎಚ್ಚರವಾಗುವುದು ಇದೇ ಹೊತ್ತಿನಲ್ಲಿ. ಬಾಯಿ ಒಣಗಿರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಮೈ ಬೆವರಿರುತ್ತದೆ. ಕುಡಿತ ನಿದ್ದೆಯನ್ನು ಬೇಗ ತರಿಸುತ್ತದೆ ಎನ್ನುವುದು ನಿಜ. ಆದರೆ ರಾತ್ರಿಯ ದ್ವಿತೀಯಾರ್ಧವನ್ನು ಅದೇ ಕೆಡಿಸುತ್ತದೆ. ಗಂಟಲಿನ ಸ್ನಾಯು ಸಡಿಲವಾಗಿ ಗೊರಕೆ, ಉಸಿರುಗಟ್ಟುವಿಕೆ ಜಾಸ್ತಿಯಾಗುವುದು ಬೇರೆ. "ಬೆಳಗಿನವರೆಗೆ ಮಲಗ್ತಿದ್ದೆ" ಎನ್ನುವವರ ಪಕ್ಕದಲ್ಲಿ ಮಲಗಿದವರನ್ನು ಕೇಳಿ, ಅವರು ಬೇರೆಯದೇ ಕಥೆ ಹೇಳುತ್ತಾರೆ.

ಬಿಟ್ಟ ಮೇಲೆ ನಿದ್ದೆ ಯಾಕೆ ಹೋಗುತ್ತದೆ? ಮಿದುಳಿನಲ್ಲಿ ಗಾಬಾ ಎನ್ನುವ ರಾಸಾಯನಿಕ ನರಗಳನ್ನು ತಣ್ಣಗಾಗಿಸುತ್ತದೆ. ಗ್ಲುಟಮೇಟ್ ಎನ್ನುವುದು ಅವನ್ನು ಚುರುಕಾಗಿಸುತ್ತದೆ. ಆಲ್ಕೋಹಾಲ್ ಮೊದಲನೆಯದರ ಕೆಲಸವನ್ನು ಹೆಚ್ಚಿಸಿ, ಎರಡನೆಯದರ ಕೆಲಸವನ್ನು ತಡೆಯುತ್ತದೆ. ವರ್ಷಗಟ್ಟಲೆ ಹೀಗೇ ಆದರೆ ಮಿದುಳು ಸುಮ್ನೆ ಕೂರುವುದಿಲ್ಲ. ಗಾಬಾಕ್ಕೆ ಓಗೊಡುವುದನ್ನು ಕಡಿಮೆ ಮಾಡಿಕೊಂಡು, ಗ್ಲುಟಮೇಟಿನ ಕಡೆಯ ಬಲ ಹೆಚ್ಚಿಸಿಕೊಳ್ಳುತ್ತದೆ. ಗಾಳಿ ಒಂದೇ ಬದಿಯಿಂದ ಬೀಸುತ್ತಿದ್ದರೆ ದೋಣಿಯವನು ಹುಟ್ಟನ್ನು ಅದಕ್ಕೆ ಎದುರಾಗಿ ಒತ್ತಿ ಹಿಡಿದಿರುತ್ತಾನೆ. ಗಾಳಿ ಥಟ್ಟನೆ ನಿಂತರೆ ದೋಣಿ ಗಿರ್ರನೆ ತಿರುಗಿಬಿಡುತ್ತದೆ. ಕುಡಿತ ನಿಂತ ದಿನ ಆಗುವುದೂ ಅದೇ. ಎದುರೊತ್ತಡ ಹಾಗೇ ಉಳಿದಿರುತ್ತದೆ, ಅದನ್ನು ತಡೆಯುತ್ತಿದ್ದ ಆಲ್ಕೋಹಾಲ್ ಇರುವುದಿಲ್ಲ. ಮೈಮನಸ್ಸು ಎಲ್ಲ ಎಚ್ಚರ, ಎಚ್ಚರ ಎನ್ನುತ್ತಿರುತ್ತವೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ದಿನವೂ ಜಾಸ್ತಿ ಕುಡಿಯುತ್ತಿದ್ದವರು ಹಟ ಹಿಡಿದು ಮನೆಯಲ್ಲೇ ಒಮ್ಮೆಲೇ ಬಿಡುವುದು ಅಪಾಯ. ಮೊದಲ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಜ್ವರ, ವಿಪರೀತ ನಡುಕ, ಇಲ್ಲದ್ದು ಕಾಣುವುದು, ಊರು ದಿಕ್ಕು ತಿಳಿಯದೇ ಇರುವುದು ಶುರುವಾದರೆ ಅದು ಜೀವಕ್ಕೇ ಕುತ್ತು. "ಏನೇನೋ ಬಡಬಡಿಸ್ತಿದ್ದಾನೆ, ದೃಷ್ಟಿ ತೆಗೀರಿ" ಎಂದು ಕೂರುವ ಹೊತ್ತಲ್ಲ ಅದು. ತಕ್ಷಣ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ನರಗಳನ್ನು ಶಾಂತಗೊಳಿಸುವ ಔಷಧಿಯನ್ನು ಕೆಲವು ದಿನ ಕೊಟ್ಟು, ದಿನದಿಂದ ದಿನಕ್ಕೆ ಇಳಿಸುತ್ತಾರೆ. ಜೊತೆಗೆ ಬಿ1 ವಿಟಮಿನ್ ಕೊಡುತ್ತಾರೆ, ಅದಿಲ್ಲದಿದ್ದರೆ ಮಿದುಳಿಗೆ ಹಾನಿಯಾಗುತ್ತದೆ.

ಆ ಗಂಡಾಂತರ ದಾಟಿದ ಮೇಲೂ ನಿದ್ದೆಯ ತೊಂದರೆ ಉಳಿಯುತ್ತದೆ. ಕುಡಿತದ ಚಟವಿದ್ದವರಲ್ಲಿ ಶೇ 36ರಿಂದ 91ರಷ್ಟು ಜನರಿಗೆ ನಿದ್ರಾಹೀನತೆ ಇರುತ್ತದೆ ಎಂದು ಬೇರೆ ಬೇರೆ ಅಧ್ಯಯನಗಳು ಹೇಳುತ್ತವೆ. ಮೊದಲ ವಾರ ತೀರಾ ಕಷ್ಟ. ನಂತರ ವಾರಗಳು ಕಳೆದಂತೆ ಹಲವರಿಗೆ ಸುಧಾರಿಸುತ್ತದೆ, ಕೆಲವರಿಗೆ ತಿಂಗಳುಗಳೇ ಬೇಕು. ಗಾಢ ನಿದ್ದೆ ಪೂರ್ತಿ ಮರಳಲು ಒಂದು ವರ್ಷವೋ ಅದಕ್ಕೂ ಹೆಚ್ಚೋ ಹಿಡಿಯಬಹುದು. ಇದನ್ನು ಯಾರೂ ಮೊದಲೇ ಹೇಳಿರುವುದಿಲ್ಲ. ಹಾಗಾಗಿ ಮೂರನೇ ವಾರದಲ್ಲೂ ಹೊರಳಾಡುತ್ತಿರುವ ಮನುಷ್ಯ, "ನನ್ನ ಮೈಗೆ ಎಣ್ಣೆ ಬೇಕೇ ಬೇಕು" ಎಂದು ತೀರ್ಮಾನಿಸಿಬಿಡುತ್ತಾನೆ. ಮಿದುಳು ತನ್ನನ್ನು ತಾನು ಸರಿಮಾಡಿಕೊಳ್ಳುತ್ತಿದೆ ಎಂಬುದು ಅವನಿಗೆ ಗೊತ್ತಿದ್ದರೆ ಅದೇ ರಾತ್ರಿಯನ್ನು ಬೇರೆ ರೀತಿ ಕಳೆಯಬಹುದು, ಅಲ್ವಾ?

ಕನಸುಗಳೂ ಕಾಡುತ್ತವೆ. ಕನಸು ಬೀಳುವ ನಿದ್ದೆಯನ್ನು ಆಲ್ಕೋಹಾಲ್ ವರ್ಷಗಳ ಕಾಲ ಅದುಮಿಟ್ಟಿರುತ್ತದೆ. ಬಿಟ್ಟ ಮೇಲೆ ಅದು ಉಕ್ಕಿ ಬರುತ್ತದೆ. ಕನಸಿನಲ್ಲಿ ಗೆಳೆಯರ ಜೊತೆ ಕೂತು ಕುಡಿದು, ಗಾಬರಿಯಲ್ಲಿ ಎದ್ದು, ಅಂಗೈಗೆ ಉಸಿರು ಬಿಟ್ಟು ವಾಸನೆ ನೋಡಿಕೊಳ್ಳುವವರಿದ್ದಾರೆ. ಪಕ್ಕದಲ್ಲಿ ಮಲಗಿದ ಹೆಂಡತಿಗೆ ಹೇಳಲೂ ನಾಚಿಕೆ. ಹೇಳಿ, ಖಂಡಿತ ಹೇಳಿ. ಅಂಥ ಕನಸು ತುಂಬ ಜನರಿಗೆ ಬೀಳುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ.

ಇನ್ನು ನಿದ್ದೆ ಮಾತ್ರೆ. ನೆರೆಮನೆಯವರ ಡಬ್ಬಿಯಿಂದ ಒಂದು ಆಲ್‌ಪ್ರಜೋಲಮ್ ತಂದು ನುಂಗುವ ಅಭ್ಯಾಸ ನಮ್ಮಲ್ಲಿ ಇದೆ. ಆ ಜಾತಿಯ ಮಾತ್ರೆಗಳು ಕೆಲಸ ಮಾಡುವುದೂ ಗಾಬಾದ ಮೂಲಕವೇ. ಒಂದು ಚಟ ಬಿಟ್ಟ ಮಿದುಳು ಇನ್ನೊಂದಕ್ಕೆ ಬೇಗ ಒಗ್ಗಿಕೊಳ್ಳುತ್ತದೆ. ಮಾತ್ರೆಯ ಮೇಲೆ ಕುಡಿತವೂ ಸೇರಿದರೆ ಉಸಿರಾಟವೇ ನಿಲ್ಲಬಹುದು. ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆ ಮುಗಿದ ಮೇಲೆ ಅದೇ ಚೀಟಿ ಹಿಡಿದು ಮತ್ತೆ ತರಿಸುವುದೂ ಬೇಡ.

ಮಾತ್ರೆಗಿಂತ ಹೆಚ್ಚು ದಿನ ಬಾಳುವ ದಾರಿಗಳಿವೆ, ಅವು ನಿದ್ದೆ ಹೇಗೆ ಬರುತ್ತದೆ ಎನ್ನುವುದರ ಮೇಲೇ ನಿಂತಿವೆ. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಕೂಡುತ್ತಾ ಹೋಗಿ ನಿದ್ದೆಯ ಒತ್ತಡ ಏರುತ್ತದೆ. ಮಧ್ಯಾಹ್ನ ಮಲಗಿದರೆ ಅದು ಇಳಿದುಹೋಗುತ್ತದೆ. ಶಿರಸಿ ಕಡೆ ಅಪ್ಪೆಹುಳಿ (ಮಾವಿನಕಾಯಿಯ ತಿಳಿಸಾರು) ಕುಡಿದರೆ ಒಳ್ಳೆ ನಿದ್ದೆ ಅಂತ ಮಾತಿದೆ. ಅಪ್ಪೆಹುಳಿ ಕುಡಿಯಿರಿ, ಬೇಡ ಎನ್ನುವವನು ನಾನಲ್ಲ. ಆದರೆ ಊಟದ ಮೇಲೆ ಚಾಪೆ ಹಾಸಬೇಡಿ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಹೊರಗೆ ಜಡಿಮಳೆ, ಕೈಯಲ್ಲಿ ಕೆಲಸ ಇಲ್ಲ, ಕಂಬಳಿ ಹೊದ್ದು ಮಲಗೋಣ ಅನ್ನಿಸುವ ಕಾಲ. ಆ ಎರಡು ತಿಂಗಳಲ್ಲಿ ಕುಡಿತ ಬಿಟ್ಟವರಿಗೆ ಹಗಲು ನಿದ್ದೆಯೇ ದೊಡ್ಡ ತೊಡಕು. ಬಲೆ ರಿಪೇರಿ ಇರಲಿ, ಪೇಟೆಗೆ ನಡೆದು ಹೋಗುವುದಿರಲಿ, ಏನಾದರೂ ಹಚ್ಚಿಕೊಳ್ಳಬೇಕು. ಬೆಳಿಗ್ಗೆ ಒಂದೇ ಹೊತ್ತಿಗೆ ಏಳಬೇಕು, ರಾತ್ರಿಯಿಡೀ ನಿದ್ದೆಗೆಟ್ಟಿದ್ದರೂ. ಎದ್ದ ಕೂಡಲೇ ಅಂಗಳದ ಬೆಳಕಿಗೆ ಬರಬೇಕು. ಮೋಡದ ದಿನದಲ್ಲೂ ಹೊರಗಿನ ಬೆಳಕು ಮನೆಯೊಳಗಿನ ದೀಪಕ್ಕಿಂತ ಎಷ್ಟೋ ಪಾಲು ಹೆಚ್ಚು. ದೇಹದ ಗಡಿಯಾರ ಸರಿಹೋಗುವುದು ಅದರಿಂದಲೇ.

ಹಾಸಿಗೆಯ ವಿಷಯ ಇನ್ನೊಂದು. 1972ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ ಒಂದು ಸರಳ ವಿಧಾನ ಹೇಳಿದರು. ನಿದ್ದೆ ಬಾರದೆ ಹಾಸಿಗೆಯಲ್ಲೇ ಬಿದ್ದುಕೊಂಡರೆ, ಹಾಸಿಗೆ ಕಂಡರೇ ಎಚ್ಚರವಾಗುವ ರೂಢಿ ಮಿದುಳಿಗೆ ಬೀಳುತ್ತದೆ. ಅದಕ್ಕೆ ಅಂದಾಜು ಇಪ್ಪತ್ತು ನಿಮಿಷ ಕಳೆದರೂ ನಿದ್ದೆ ಹತ್ತದಿದ್ದರೆ ಎದ್ದುಬಿಡಿ. ಗಡಿಯಾರ ನೋಡಬೇಡಿ, ಮೊಬೈಲ್ ಮುಟ್ಟಬೇಡಿ. ಮಂದ ದೀಪದಲ್ಲಿ ಜಗಲಿಯಲ್ಲಿ ಕೂತು ಬೇಜಾರು ತರಿಸುವ ಕೆಲಸ ಮಾಡಿ. ಕಣ್ಣು ಎಳೆದಾಗ ಮಾತ್ರ ಮರಳಿ ಹೋಗಿ. ಅಡಿಕೆ ಸುಲಿಯುವುದು ಇದಕ್ಕೆ ಹೇಳಿ ಮಾಡಿಸಿದ ಕೆಲಸ ಅನ್ನಿಸೀತು. ಆದರೆ ಕೈ ನಡುಕ ಪೂರ್ತಿ ಹೋಗುವವರೆಗೆ ಮೆಟ್ಟುಗತ್ತಿಯ ಹತ್ತಿರ ಹೋಗಬೇಡಿ. ಧಾನ್ಯ ಆರಿಸುವುದು, ಬಟ್ಟೆ ಮಡಚುವುದು ಸಾಕು. ಮನೆಯವರೂ ಇದನ್ನು ತಿಳಿದಿರಬೇಕು. ಇಲ್ಲದಿದ್ದರೆ ಎರಡು ಗಂಟೆ ರಾತ್ರಿಯಲ್ಲಿ ಜಗಲಿಗೆ ಬಂದವನನ್ನು ಕಂಡು, "ಮತ್ತೆ ಎಲ್ಲಿಗೆ ಹೊರಟಿ?" ಎಂದು ಜಗಳ ಶುರುವಾಗುತ್ತದೆ. ಈ ವಿಧಾನವೂ ಇಂಥ ಇನ್ನೂ ಕೆಲವೂ ಸೇರಿದ ಚಿಕಿತ್ಸೆಯನ್ನು ದೀರ್ಘಕಾಲದ ನಿದ್ರಾಹೀನತೆಗೆ ವೈದ್ಯರು ಈಗ ಮೊದಲ ಆಯ್ಕೆ ಎನ್ನುತ್ತಾರೆ. ಕುಡಿತ ಬಿಟ್ಟವರಲ್ಲೂ ಇದು ನಿದ್ದೆಯನ್ನು ಸುಧಾರಿಸುತ್ತದೆ.

ಕುಡಿತ ಬಿಟ್ಟ ಬಾಯಿ ಏನನ್ನಾದರೂ ಬೇಡುತ್ತದೆ. ಚಹಾ ಹೆಚ್ಚಾಗುತ್ತದೆ, ಬೀಡಿ ಹೆಚ್ಚಾಗುತ್ತದೆ, ಕವಳದ ಹರಿವಾಣ ರಾತ್ರಿ ಹತ್ತರವರೆಗೂ ಮುಂದೆಯೇ ಇರುತ್ತದೆ. ಚಹಾ ಕಾಫಿಯ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಅಡಿಕೆಯೂ ತಂಬಾಕೂ ನರಗಳನ್ನು ಎಬ್ಬಿಸುವಂಥವೇ. ಮಧ್ಯಾಹ್ನದ ನಂತರ ಚಹಾ ಬದಲು ಕೊತ್ತಂಬರಿ ಜೀರಿಗೆ ಕಷಾಯ ಕುಡಿದರೆ ಬಾಯಿಗೂ ಹಿತ, ನಿದ್ದೆಗೂ ತೊಂದರೆಯಿಲ್ಲ. ಜಾಯಿಕಾಯಿ ತೇದು ಹಾಲಿಗೆ ಹಾಕುವ ಪದ್ಧತಿ ತೋಟದ ಮನೆಗಳಲ್ಲಿದೆ. ನಿದ್ದೆ ಬರಲಿಲ್ಲವೆಂದು ಅದರ ಪ್ರಮಾಣ ಹೆಚ್ಚಿಸಬೇಡಿ, ಜಾಸ್ತಿಯಾದರೆ ಜಾಯಿಕಾಯಿ ವಿಷ.

ಇಷ್ಟೆಲ್ಲ ಮಾಡಿಯೂ ತಿಂಗಳಾದರೂ ನಿದ್ದೆ ಹತ್ತಿರ ಸುಳಿಯದಿದ್ದರೆ, ಅಥವಾ ಬದುಕೇ ಬೇಡ ಅನ್ನಿಸತೊಡಗಿದರೆ, ವೈದ್ಯರ ಹತ್ತಿರ ಹೋಗಿ. ಎರಡನೆಯದಕ್ಕೆ ತಿಂಗಳು ಕಾಯುವುದು ಬೇಡವೇ ಬೇಡ. ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಕುಡಿಯುತ್ತಿದ್ದೆ ಎನ್ನುವುದನ್ನು ಮುಚ್ಚಿಡದೆ ಹೇಳಿ. ಅದು ಗೊತ್ತಾದರೆ ಅವರು ಬರೆಯುವ ಔಷಧಿಯೇ ಬೇರೆ ಇರುತ್ತದೆ. ರಾತ್ರಿ ಎರಡು ಗಂಟೆಗೆ ಮಾತಾಡಲು ಯಾರೂ ಇಲ್ಲ ಅನ್ನಿಸಿದರೆ 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಯಾವಾಗ ಬೇಕಾದರೂ ಸಿಗುತ್ತಾರೆ.